ಹಾವೇರಿಗೆ ಹೋದ ನೀರು

ಹೊನ್ನವ್ವ ಸುಳ್ಳು ಹೇಳುವ ಹೆಂಗಸಲ್ಲ. ಬೈಯುತ್ತಾಳೆ, ಅದು ಬೇರೆ ಮಾತು. ಗಂಡ ಅಜ್ಜಪ್ಪನನ್ನು ಬೈಯುತ್ತಾಳೆ, ಮಗ ಪ್ರವೀಣಕುಮಾರನನ್ನು ಬೈಯುತ್ತಾಳೆ, ಹಿತ್ತಲಿಗೆ ನುಗ್ಗುವ ಪಕ್ಕದ ಮನೆಯ ಕೋಳಿಯನ್ನೂ ಬಿಡುವುದಿಲ್ಲ. ಸೊಸೆ ಪುಷ್ಪಲತಾಳನ್ನು ಮಾತ್ರ ಬೈಯುವುದಿಲ್ಲ. ಯಾಕೆಂದರೆ ಆ ಮನೆಯಲ್ಲಿ ಹಾವೇರಿಗೆ ಹೋಗಿ ಸರ್ಟಿಫಿಕೇಟು ತಂದವಳು ಅವಳೊಬ್ಬಳೇ.

ಸರ್ಟಿಫಿಕೇಟು ನೀರಿನದು. ಪ್ರತಿ ಊರಿನಿಂದ ಐದು ಮಂದಿ ಹೆಣ್ಣುಮಕ್ಕಳನ್ನು ಕರೆದು, ಕುಡಿಯುವ ನೀರನ್ನು ಹೇಗೆ ಪರೀಕ್ಷೆ ಮಾಡಬೇಕೆಂದು ಎರಡು ದಿನ ಕಲಿಸಿ, ಒಂದು ನೀಲಿ ಪೆಟ್ಟಿಗೆ ಕೊಟ್ಟು ಕಳಿಸಿದ್ದರು. ಕುಂಚಿಕೊಪ್ಪದ ಉಳಿದ ನಾಲ್ವರು ಪೆಟ್ಟಿಗೆಯ ಮುಖ ನೋಡಲಿಲ್ಲ. ಪುಷ್ಪಲತಾ ಮಾತ್ರ ತಿಂಗಳಿಗೊಮ್ಮೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡಿ, ವಹಿಯಲ್ಲಿ ಬರೆಯುತ್ತಿದ್ದಳು. ಅಜ್ಜಪ್ಪ ಅವಳಿಗೆ ‘ನೀರಿನ ಡಾಕ್ಟರು’ ಎಂದು ಹೆಸರಿಟ್ಟಿದ್ದ. ಹೊನ್ನವ್ವ ಆ ಸರ್ಟಿಫಿಕೇಟಿಗೆ ರಾಣೇಬೆನ್ನೂರಿನಲ್ಲಿ ಕಟ್ಟು ಹಾಕಿಸಿ, ಮನೆದೇವರ ಫೋಟೋದ ಪಕ್ಕದಲ್ಲಿ ತೂಗು ಹಾಕಿದ್ದಳು.

ಕುಂಚಿಕೊಪ್ಪ ಇರುವುದು ಬ್ಯಾಡಗಿ ಮತ್ತು ರಾಣೇಬೆನ್ನೂರಿನ ನಡುವೆ. ಇವರ ಮನೆ ಊರೊಳಗಲ್ಲ, ಊರಿಂದ ಅರ್ಧ ಮೈಲು ಆಚೆಯ ನಲವತ್ತು ಮನೆಗಳ ಪ್ಲಾಟಿನಲ್ಲಿ. ಅಷ್ಟೂ ಮನೆಗೆ ಒಂದೇ ಬೋರು, ಒಂದೇ ಟಾಕಿ. ಟಾಕಿಯ ಕೆಳಗೆ ನಾಲ್ಕು ನಳ, ಮನೆಮನೆಗೆ ಒಂದೊಂದು ಪೈಪು, ಎಲ್ಲಿ ತಿರುವಿದರೂ ಅದೇ ನೀರು. ಊರೊಳಗಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಹಾಕಿದರೆ ಒಂದು ಕ್ಯಾನು ಸಿಗುತ್ತಿತ್ತು. ಪ್ರವೀಣಕುಮಾರನಿಗೆ ಮೆಣಸಿನಕಾಯಿ ಚೀಲ ಸಾಗಿಸುವ ಗೂಡ್ಸ್ ಗಾಡಿ ಇತ್ತಾದ್ದರಿಂದ ಎರಡು ದಿನಕ್ಕೊಂದು ಕ್ಯಾನು ತರುತ್ತಿದ್ದ. ಅದು ನಾಲ್ಕು ವರ್ಷದ ನಂದಿತಾಳಿಗೆ ಮಾತ್ರ. ಹೋದ ವರ್ಷ ಮಗುವಿಗೆ ಜ್ವರ ಬಂದಾಗ ಡಾಕ್ಟರು ಹೇಳಿದ್ದರು, ಹೊನ್ನವ್ವ ಅಂದಿನಿಂದ ಆ ಕ್ಯಾನಿನ ನೀರನ್ನೂ ಮತ್ತೆ ಕುದಿಸಿ ಆರಿಸಿ ಇಡುತ್ತಿದ್ದಳು.

“ಆ ಮಿಷನ್ನಿನ ನೀರು ನನಗ ಬ್ಯಾಡ,” ಎನ್ನುತ್ತಿದ್ದ ಅಜ್ಜಪ್ಪ. “ಕುಡದ್ರ ಬಾಯಿ ಸಪ್ಪಗ ಆಗತೈತಿ. ನೆಲದಾಗಿಂದ ಬಂದಿದ್ದ ನೀರು ನೀರು.”

“ನಿಮಗ ಯಾರು ಕೊಡಾಕತ್ಯಾರ ಹೇಳ್ರಿ? ಕೂಸಿಂದು ಅದು,” ಎನ್ನುತ್ತಿದ್ದಳು ಹೊನ್ನವ್ವ.

ಆಷಾಢದ ಮಳೆ ಹಿಡಿದು ಮೂರು ದಿನವಾಗಿತ್ತು. ಪುಷ್ಪಲತಾಳ ಪೆಟ್ಟಿಗೆಯಲ್ಲಿ ಕೀಟಾಣು ನೋಡುವ ಶೀಸೆಗಳು ಮುಗಿದು ಎರಡು ತಿಂಗಳಾಗಿತ್ತು, ಅದಕ್ಕಾಗಿ ಈ ಸಲ ಬೋರಿನ ನೀರು ಹಾವೇರಿಯ ಲ್ಯಾಬಿಗೆ ಹೋಗಬೇಕಿತ್ತು. ಖಾಲಿ ಬಾಟಲಿ ಮೊದಲೇ ಬಂದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಬಿನವರು ಬಂದು ಒಯ್ಯುತ್ತಾರೆ ಎಂದು ಹಿಂದಿನ ಸಂಜೆ ಫೋನು ಬಂತು. ಅದೇ ದಿನ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಿಂದ ಮೆಣಸಿನಕಾಯಿ ಹೊರಗೆ ತೆಗೆದಿದ್ದರು. ಪುಷ್ಪಲತಾ ಅಲ್ಲಿ ಕೂಲಿಗೆ ಹೋಗುತ್ತಿದ್ದ ತೊಟ್ಟು ಬಿಡಿಸುವ ಕೆಲಸಕ್ಕೆ ಒಂದು ದಿನ ತಪ್ಪಿಸಿದರೆ ಮರುದಿನ ಆ ಜಾಗದಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ. ನೀರಿನ ಕೆಲಸಕ್ಕೆ ಮರ್ಯಾದೆ ಇತ್ತೇ ಹೊರತು ಪಗಾರ ಇರಲಿಲ್ಲ.

ಪುಷ್ಪಲತಾ ಬಾಟಲಿಗೆ ಚೀಟಿ ಅಂಟಿಸಿ, ಊರು, ಬೋರಿನ ನಂಬರು ಬರೆದು, ‘ನೀರು ತುಂಬಿದವರು’ ಎಂಬಲ್ಲಿ ತನ್ನ ಹೆಸರು ಬರೆದು ಸಹಿ ಹಾಕಿದಳು. ಬುತ್ತಿ ಕಟ್ಟಿಕೊಳ್ಳುತ್ತಲೇ ಅತ್ತೆಗೆ ಹೇಳಿದಳು:

“ಅತ್ತೀ, ಟಾಕಿ ತಳಗಿನ ನಳಾ ತಿರುವಿ, ಸ್ವಲ್ಪ ಹೊತ್ತು ಹರಿಯಾಕ ಬಿಟ್ಟು ಆಮ್ಯಾಲೆ ತುಂಬ್ರಿ. ಬಾಟ್ಲಿ ಮಾತ್ರ ತೊಳೀಬ್ಯಾಡ್ರಿ.”

“ತೊಳೀಲಾರದ ಬಾಟ್ಲ್ಯಾಗ ಮಂದಿಗೆ ನೀರು ಕೊಡೂದು ಯಾವ ಊರಿನ ಪದ್ಧತಿವಾ?”

“ಸರಕಾರದ ಪದ್ಧತಿರೀ ಅತ್ತೀ. ಖರೇ ಅಂದ್ರ ನಾನ ತುಂಬಬೇಕು. ನಾ ಇರಲಿಲ್ಲ ಅಂತ ಅವರ ಮುಂದ ಏನೂ ಅನಬ್ಯಾಡ್ರಿ.”

ಹೊರಗೆ ಪ್ರವೀಣಕುಮಾರ ಹಾರ್ನ್ ಹೊಡೆಯುತ್ತಿದ್ದ. ಪುಷ್ಪಲತಾ ಓಡಿದಳು.

ಹೊನ್ನವ್ವ ಹೇಳಿದ ಹಾಗೇ ಮಾಡಿದಳು. ಟಾಕಿಗೆ ಹೋದಳು, ನಳ ಹರಿಯಬಿಟ್ಟಳು, ತುಂಬಿದಳು. ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ನೀರು ತುಸು ಹಳದಿಯಾಗಿತ್ತು. ಒಂದು ಎಳೆ ಕಸವೂ ತೇಲುತ್ತಿತ್ತು. ಬಾಟಲಿಯ ಮೇಲೆ ಸೊಸೆಯ ದುಂಡು ಅಕ್ಷರ. ಹೊನ್ನವ್ವನಿಗೆ ಓದಲು ಅಷ್ಟೇನೂ ಬಾರದು, ಆದರೆ ಪುಷ್ಪಲತಾ ಎಂಬುದನ್ನು ಕಟ್ಟು ಹಾಕಿಸಿದ ಸರ್ಟಿಫಿಕೇಟಿನಲ್ಲಿ ನೋಡಿ ನೋಡಿ ಗುರುತು ಹಿಡಿಯುತ್ತಿದ್ದಳು. ಹಾವೇರಿಯ ಆಫೀಸಿನಲ್ಲಿ ಇದನ್ನು ಮೇಜಿನ ಮೇಲಿಡುತ್ತಾರೆ. ಹತ್ತು ಮಂದಿ ನೋಡುತ್ತಾರೆ. ಇದೇನು ಈಕೆ ಕಳಿಸಿದ ನೀರು ಎನ್ನುವುದಿಲ್ಲವೇ?

ಈ ಭಾಗದಲ್ಲಿ ಮನೆಗೆ ಯಾರೇ ಬರಲಿ, ಬಂದ ಕೆಲಸ ಕೇಳುವ ಮೊದಲು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಮುಂದಿಡುತ್ತಾರೆ. ಇದ್ದುದರಲ್ಲಿ ಚಲೋ ನೀರನ್ನೇ ಕೊಡುತ್ತಾರೆ. ಹೊನ್ನವ್ವ ಮದುವೆಯಾಗಿ ಬಂದಾಗಿನಿಂದ ಅದನ್ನು ತಪ್ಪಿಸಿದವಳಲ್ಲ. ಕೇಳಿಕೊಂಡು ಬಂದವರಿಗೆ ಹಳದಿ ನೀರು ಕೊಡುವುದು ಅವಳಿಂದಾಗಲಿಲ್ಲ. ಬಾಟಲಿ ಬಗ್ಗಿಸಿದಳು. ಬೂದಿ ಹಾಕಿ ತಿಕ್ಕಿದಳು. ಬಿಸಿನೀರಿನಿಂದ ಮೂರು ಸಲ ಗಲಬರಿಸಿದಳು. ಒಗೆದ ಧೋತರದ ತುದಿ ನಾಲ್ಕು ಮಡಿಕೆ ಮಾಡಿ, ನಂದಿತಾಳಿಗಾಗಿ ಕುದಿಸಿ ಆರಿಸಿಟ್ಟಿದ್ದ ಕ್ಯಾನಿನ ನೀರನ್ನು ಸೋಸಿ ತುಂಬಿದಳು. ಗುರುವಾರ ಬೇರೆ, ಬಾಟಲಿಯ ಕೊರಳಿಗೆ ಒಂದು ಕುಂಕುಮದ ಬೊಟ್ಟು ಇಡೋಣವೇ ಎಂದು ಒಂದು ಕ್ಷಣ ಅನ್ನಿಸಿತ್ತು. ಪುಣ್ಯಕ್ಕೆ ಇಡಲಿಲ್ಲ!

ಹನ್ನೊಂದಕ್ಕೆ ಸರಿಯಾಗಿ ಲ್ಯಾಬಿನ ವಿಜಯೇಂದ್ರ ಎಂಬವರು ಜೀಪಿನಿಂದ ಇಳಿದರು. ಅವರಿಗೂ ಬೆಲ್ಲ ಬಂತು, ನೀರು ಬಂತು, ಅದೇ ನೀರು.

“ಪುಷ್ಪಲತಾ ಅವ್ರು ಎಲ್ಲಿ?”

“ಒಳಗದಾಳ್ರೀ. ಕೂಸಿಗೆ ಉಣಸಾಕತ್ತಾಳ,” ಎಂದಳು ಹೊನ್ನವ್ವ. ಇದನ್ನು ಅವಳು ಸುಳ್ಳೆಂದು ಲೆಕ್ಕಕ್ಕೇ ಹಿಡಿಯಲಿಲ್ಲ, ಸೊಸೆಯ ಪರವಾಗಿ ಆಡಿದ ಮಾತು ಅಷ್ಟೇ.

ವಿಜಯೇಂದ್ರ ನೀರು ಕುಡಿದು, “ನೀರು ಭಾಳ ಚಲೋ ಅದಾವಲ್ರೀ ಅವ್ವಾರ,” ಎಂದು ಬಾಟಲಿಯನ್ನು ಐಸಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದರು.

ಸಂಜೆ ಪುಷ್ಪಲತಾ ಖಾರದ ಕೈ ತೊಳೆಯುತ್ತ ಕೇಳಿದಳು: “ಬಾಟ್ಲಿ ಕೊಟ್ರ್ಯಾ?”

“ಕೊಟ್ಟೆ. ಬೆಲ್ಲಾನೂ ಕೊಟ್ಟೆ.”

ಎಂಟು ದಿನಕ್ಕೆ ವರದಿ ಬಂತು. ಪಂಚಾಯ್ತಿಯ ಪಿಡಿಒ ಮೇಡಮ್ಮು ಅದರ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ‘ಕುಡಿಯಲು ಯೋಗ್ಯ’ ಎಂದು ಪುಷ್ಪಲತಾ ಜೋರಾಗಿ ಓದಿದಳು. ಹೊನ್ನವ್ವ ಆ ದಿನ ಶಾವಿಗೆ ಪಾಯಸ ಮಾಡಿದಳು. ಸೊಸೆ ಪಾಸಾದಷ್ಟು ಖುಷಿ. ಒಂದು ಬಟ್ಟಲು ಪಾಯಸವನ್ನು ಗೋಡೆಯ ಮೇಲಿಂದ ಚಮನಬಿಯ ಕೈಗೆ ದಾಟಿಸಿದಳು.

ಚಮನಬಿಯದು ಪಕ್ಕದ ಮನೆ, ನಡುವೆ ಒಂದೇ ಗೋಡೆ. ಪ್ಲಾಟು ಹಂಚಿದ ವರ್ಷ ಇಬ್ಬರೂ ಒಂದೇ ವಾರ ಗುಡಿಸಲು ಹಾಕಿದವರು. ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದ್ದರು. ಚಮನಬಿಯ ಮಗ ಜಾಕೀರ್ ರಾಣೇಬೆನ್ನೂರಿನ ಅಂಗಡಿಯೊಂದರಲ್ಲಿ ಪ್ಯಾಂಟು ಹೊಲಿಯುತ್ತಿದ್ದ. ಅವನ ಮಗಳು ತರನ್ನುಮಳಿಗೆ ಆರು ವರ್ಷ. ನಂದಿತಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ದಿನವಿಡೀ ಓಡಾಡುತ್ತಿದ್ದಳು.

“ಏನು ವಿಶೇಷ ಅಕ್ಕಾ, ಪಾಯಸ?”

“ನಮ್ಮ ನೀರು ಹಾವೇರ್ಯಾಗ ಪಾಸ್ ಆಗ್ಯಾವ ಚಮನಾ. ಇನ್ನ ವಾಸನಿ ಗೀಸನಿ ಅಂತ ಮೂಗು ಮುರೀಬ್ಯಾಡ.”

“ಹೌದ? ನಾಳಿಂದ ಜಾಕೀರ್‌ಗ ಕ್ಯಾನ್ ತರಾಕ ಹೇಳ್ಬೇಕು ಅನ್ನಾಕತ್ತಿದ್ದೆ. ಬಿಡು ಹಂಗಾರ. ಸೈಕಲ್ ಮ್ಯಾಲ ಎಲ್ಲಿ ತರ್ತಾನ ಪಾಪ.”

“ಬಿಡು ಬಿಡು,” ಎಂದಳು ಹೊನ್ನವ್ವ.

ನೀರು ಮಾತ್ರ ವರದಿ ಓದಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ವಾಸನೆ ಹೆಚ್ಚಿತು. ಕೊಡದ ತಳದಲ್ಲಿ ಕಪ್ಪು ರಾಡಿ ಕೂರತೊಡಗಿತು. ಹತ್ತು ಮಂದಿ ಹೆಂಗಸರು ಪಂಚಾಯ್ತಿಗೆ ಹೋದರು. ಪಿಡಿಒ ಮೇಡಮ್ಮು ವರದಿ ತೋರಿಸಿದರು. ಲ್ಯಾಬು ಚಲೋ ಇದೆ ಅಂದಮೇಲೆ ಬೋರಿಗೆ ಖರ್ಚು ಹಾಕಲು ತಮಗೆ ಬರುವುದಿಲ್ಲ, ಮಳೆಗಾಲದಲ್ಲಿ ನೀರು ಸ್ವಲ್ಪ ಹಾಗೇ ಇರುತ್ತದೆ ಎಂದರು. ಹೆಂಗಸರು ಗೊಣಗುತ್ತ ಬಂದರು.

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಪುಷ್ಪಲತಾ ರೊಟ್ಟಿ ಮುರಿಯುತ್ತ ಕೂತವಳು ಬಾಯಿಗೆ ಹಾಕಲಿಲ್ಲ.

“ವಾಸನಿ ಬರಾಕತ್ತೈತಿ, ಖರೇ. ನಾನೂ ನೋಡೇನಿ. ವರದಿ ಹ್ಯಾಂಗ ಚಲೋ ಬಂತು ತಿಳೀವಲ್ದು,” ಎಂದಳು. “ಅತ್ತೀ, ಅವತ್ತು ನಳದ್ದ ತುಂಬಿದ್ರಿಲ್ಲೋ?”

ಹೊನ್ನವ್ವನ ಕೈ ಮಜ್ಜಿಗೆಯ ಚೆಂಬಿನ ಮೇಲಿತ್ತು. ಆಗ ಹೇಳಬಹುದಿತ್ತು. ಹೇಳಿದ್ದರೆ ಸೊಸೆ ಎರಡು ಮಾತು ಬೈದಿರುತ್ತಿದ್ದಳು, ಮರುದಿನ ಬೇರೆ ಬಾಟಲಿ ಹೋಗಿರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಂಡ ಕೂತಿದ್ದ, ಮಗ ಕೂತಿದ್ದ, ಪಾಯಸ ಹಂಚಿ ಆಗಿತ್ತು.

“ಹೂಂ ಮತ್ತ? ನಳದ್ದ ತುಂಬದ ಎಲ್ಲಿಂದ ತುಂಬಲಿ?” ಎಂದಳು.

ಅದೇ ಅವಳ ಮೊದಲ ಸುಳ್ಳು.

“ಮತ್ತೇನು? ಲ್ಯಾಬಿನವ್ರು ಹೇಳಿದಮ್ಯಾಲೆ ಮುಗೀತು,” ಎಂದ ಅಜ್ಜಪ್ಪ. “ನೀರಿನ ಡಾಕ್ಟರಿಗೆ ತನ್ನ ನೀರಿನ ಮ್ಯಾಲ ನಂಬಿಕಿ ಇಲ್ಲೇನು?”

ಮರುದಿನದಿಂದ ಹೊನ್ನವ್ವ ಮನೆಯ ಅಷ್ಟೂ ಕುಡಿಯುವ ನೀರನ್ನು ಕುದಿಸತೊಡಗಿದಳು. ಯಾಕೆ ಎಂದು ಮಗ ಕೇಳಿದ್ದಕ್ಕೆ ಮಳೆಗಾಲ, ಶೀತ ಎಂದಳು. ಹಿತ್ತಲಿನ ಒಲೆಗೆ ಕಟ್ಟಿಗೆ ಸಾಲದೆ ಗ್ಯಾಸಿನ ಮೇಲೂ ಪಾತ್ರೆ ಇಟ್ಟಳು.

“ಸಿಲಿಂಡರ್ ಹದಿನೈದು ದಿನಕ್ಕ ಖಾಲಿ ಆಗತೈತಿ ನೋಡವಾ,” ಎಂದ ಪ್ರವೀಣಕುಮಾರ.

“ಆಗ್ಲಿ. ಬಾಯಿ ಮುಚ್ಚಿಕೊಂಡು ಕುಡಿ.”

ಅಜ್ಜಪ್ಪ ಮಾತ್ರ ಹಟಕ್ಕೆ ಬಿದ್ದು ನಳದ ನೀರನ್ನೇ ಕುಡಿದ. ಮೂರನೆಯ ದಿನ ನಾಲ್ಕು ಸಲ ಚೆಂಬು ಹಿಡಿದು ಹಿತ್ತಲಿಗೆ ಓಡಿದ. ಕೇಳಿದರೆ, “ನಿನ್ನೆ ಬದನಿಕಾಯಿ ಜಾಸ್ತಿ ಆತು,” ಎಂದ. ಹೊನ್ನವ್ವ ಬೈಯಲಿಲ್ಲ. ಬೈಯದೆ ಅವನಿಗೆ ಗಂಜಿ ಕಾಸಿ ಕೊಟ್ಟಿದ್ದು ನೋಡಿ ಅಜ್ಜಪ್ಪನಿಗೇ ಹೆದರಿಕೆಯಾಯಿತು.

ಮೊದಲು ಮೂರು ಮನೆಯಲ್ಲಿ ವಾಂತಿ ಭೇದಿ, ಆಮೇಲೆ ಒಂಬತ್ತು ಮನೆಯಲ್ಲಿ. ಗುರುವಾರ ಬೆಳಿಗ್ಗೆ ಚಮನಬಿ ಗೋಡೆಯ ಆಚೆಯಿಂದ ಕೂಗಿದಳು. ಹೊನ್ನವ್ವ ಓಡಿದಾಗ ತರನ್ನುಮ ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ಒಳಗೆ ಹೋಗಿದ್ದವು, ತುಟಿ ಒಣಗಿತ್ತು. ಕರೆದರೆ ಓ ಅನ್ನುತ್ತಿರಲಿಲ್ಲ. ಪ್ರವೀಣಕುಮಾರ ಚೀಲ ಇಳಿಸಿ ಗಾಡಿ ತಂದ. ಜಾಕೀರ್ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದೆ ಕೂತ, ಚಮನಬಿ ಹಿಂದೆ ಬರಿಯ ತಗಡಿನ ಮೇಲೆ ಕೂತಳು. ರಾಣೇಬೆನ್ನೂರಿನಲ್ಲಿ ಸಲೈನ್ ಹಚ್ಚಿದರು. ಮಧ್ಯಾಹ್ನ ಹಾವೇರಿಗೆ ಒಯ್ಯಿರಿ ಎಂದರು.

ಪ್ರವೀಣಕುಮಾರ ಸಂಜೆ ಬಂದು ಜಗಲಿಯ ಮೇಲೆ ಕೂತ.

“ಹ್ಯಾಂಗೈತಿ ಕೂಸು?” ಹೊನ್ನವ್ವ ಕೇಳಿದಳು.

“ಮುಂಜಾನಿಂದ ಉಚ್ಚಿ ಹೊಯ್ದಿಲ್ಲಂತ. ಕಿಡ್ನಿಗೆ ಪೆಟ್ಟು ಬಿದ್ದರೂ ಬೀಳಬಹುದು ಅಂದ್ರು ಡಾಕ್ಟರು. ಎರಡು ದಿನಾ ನೋಡ್ತಾರಂತ.”

ಹೊನ್ನವ್ವ ಆ ಎರಡು ದಿನ ಊಟ ಮಾಡಲಿಲ್ಲ. ಮಾಡಲಾಗಲಿಲ್ಲ. ತಾಟಿಗೆ ಕೂತರೆ ಒಣಗಿದ ಆ ತುಟಿಯೇ ಕಣ್ಣ ಮುಂದೆ ಬರುತ್ತಿತ್ತು. ನನ್ನಿಂದ ಆಯಿತು, ನಾನೇ ಮಾಡಿದೆ ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ಬಾಯಿ ಮಾತ್ರ ತೆರೆಯಲಿಲ್ಲ. ಮನೆದೇವರಿಗೆ ಹರಕೆ ಹೊತ್ತಳು, ಹಾವೇರಿಯ ದರ್ಗಾಕ್ಕೂ ಹೊತ್ತಳು.

ಆರೋಗ್ಯ ಇಲಾಖೆಯವರು ಬಂದರು. ಬೋರಿನ ಸುತ್ತಲಿನ ಸಿಮೆಂಟು ಕಟ್ಟೆ ಒಡೆದಿತ್ತು. ಮಳೆಗೆ ತುಂಬಿದ ಗಟಾರದ ನೀರು ಪೈಪಿನ ಬದಿಯಿಂದ ಸೀದಾ ಬೋರಿನೊಳಗೆ ಇಳಿಯುತ್ತಿತ್ತು. ಮೋಟರು ಬಂದ್ ಮಾಡಿಸಿ, ಟ್ಯಾಂಕರಿನಲ್ಲಿ ನೀರು ಕಳಿಸಿದರು. ಹೊಸ ಬಾಟಲಿಗಳನ್ನು ತಾವೇ ತುಂಬಿಕೊಂಡು ಹೋದರು. ಹೋಗುವಾಗ ಒಬ್ಬರು ಕೇಳಿದರಂತೆ: “ಎರಡು ವಾರದ ಹಿಂದ ಇದ ಬೋರಿನ ವರದಿ ಚಲೋ ಬಂದಿತ್ತಲ್ಲ? ಯಾರು ತುಂಬಿದ್ದು?”

ಈ ಪ್ರಶ್ನೆ ಪ್ಲಾಟಿನಲ್ಲೆಲ್ಲ ಸುತ್ತಿತು. ಶನಿವಾರ ಬಟ್ಟೆ ಒಯ್ಯಲು ಬಂದ ಜಾಕೀರ್ ತನ್ನ ಮನೆಗೂ ಹೋಗದೆ ಇವರ ಬಾಗಿಲಲ್ಲಿ ನಿಂತ. ಕಣ್ಣು ಕೆಂಪಗಿದ್ದವು.

“ಪುಷ್ಪಲತಕ್ಕಾ, ಹೊರಗ ಬಾ. ನೀರು ಪಾಸ್ ಅಂತ ಬರಸಿದಾಕಿ ನೀನ ಅಲ್ಲೇನು? ಎಲ್ಲಿ ನೀರು ತುಂಬಿದ್ದಿ? ಮನ್ಯಾಗ ಕುಂತು ತುಂಬಿದ್ಯೇನು?”

“ಜಾಕೀರಣ್ಣಾ, ಹಂಗನಬ್ಯಾಡ. ನಾನ ಟಾಕಿಗೆ ಹೋಗಿ ತುಂಬೇನಿ. ನಂದಿತಾನ ಆಣಿ.”

“ಮಗಳ ಆಣಿ ಹಾಕ್ತಿ? ನನ್ನ ಮಗಳು ಅಲ್ಲಿ ಮಕ್ಕೊಂಡಾಳ!”

ನೆರೆಯವರು ಬಂದು ಅವನನ್ನು ಕರೆದೊಯ್ದರು. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೊನ್ನವ್ವನಿಗೆ ಎಲ್ಲವೂ ಕೇಳಿಸಿತು. ಬಾಗಿಲು ಹಾಕಿಕೊಂಡ ಮೇಲೆ ಗಂಡ ಹೆಂಡಿರ ಮಾತೂ ಕೇಳಿಸಿತು.

“ಯಾಕ ಸುಳ್ಳು ಹೇಳಿದಿ?” ಪ್ರವೀಣಕುಮಾರ ಹಲ್ಲು ಕಚ್ಚಿ ಕೇಳುತ್ತಿದ್ದ. “ಅವತ್ತು ನಿನ್ನ ಬ್ಯಾಡಗಿಗೆ ಬಿಟ್ಟಾಂವ ನಾನು. ಅದರ ಮ್ಯಾಲ ಕೂಸಿನ ಆಣಿ ಬ್ಯಾರೆ!”

“ಮತ್ತೇನು ಮಾಡ್ಲಿ? ಸಹಿ ಮಾಡಿದಾಕಿ ನಾನು. ಅತ್ತಿಗೆ ಹೇಳಿ ಹೋಗಿದ್ದೆ ಅಂದ್ರ ನಾಳೆ ಮಂದಿ ಅವರ ಬಾಗಲಾಗ ಬಂದು ನಿಂದರ್ತಾರ. ಈ ವಯಸ್ಸಿನಾಗ ಅವರನ್ನ ಮುಂದ ಮಾಡ್ಲೇನು?”

“ಪಂಚಾಯ್ತಿಯವ್ರು ಬರದು ಕೊಡು ಅಂದ್ರ?”

“ಬರದು ಕೊಡ್ತೇನಿ. ಅತ್ತಿ ನಳದ್ದ ತುಂಬ್ಯಾರ, ತಪ್ಪು ಲ್ಯಾಬಿಂದ ಇರಬೇಕು.”

ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಿ ಹೊಗೆ ಎದ್ದಿತು. ಹೊನ್ನವ್ವ ಅದನ್ನು ತಿರುವಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಂದು ನಡುಮನೆಯಲ್ಲಿ ನಿಂತಳು.

“ನಾ ನಳದ್ದ ತುಂಬಿಲ್ಲ,” ಎಂದಳು.

ಎಲ್ಲವನ್ನೂ ಹೇಳಿದಳು. ಹಳದಿ ನೀರು, ಬೂದಿ, ಧೋತರ, ಕುದಿಸಿದ ನೀರು. ಹೇಳಿ ಮುಗಿಸುವ ಹೊತ್ತಿಗೆ ಅಜ್ಜಪ್ಪ ಮಂಚದಿಂದ ಎದ್ದು ಕೂತಿದ್ದ. ಪುಷ್ಪಲತಾ ನೆಲದ ಮೇಲೆ ಕೂತಳು.

“ಬೂದಿ ಹಾಕಿ ತೊಳದ್ರ್ಯಾ?” ಎಂದಳು, ಅದೊಂದೇ ಕಿವಿಗೆ ಬಿದ್ದವರ ಹಾಗೆ. “ತೊಳೀಬ್ಯಾಡ್ರಿ ಅಂದಿದ್ನಲ್ರೀ.”

“ನಿನ್ನ ಹೆಸರು ಬರದಿತ್ತಲ್ವಾ ಅದರ ಮ್ಯಾಲ. ಹಂತಾ ನೀರಿನ ಮ್ಯಾಲ ನಿನ್ನ ಹೆಸರು...”

“ನನ್ನ ಹೆಸರು!” ಪುಷ್ಪಲತಾ ಮೊದಲ ಸಲ ಅತ್ತೆಯ ಮೇಲೆ ದನಿ ಏರಿಸಿದಳು. “ಈಗ ನನ್ನ ಹೆಸರು ಎಲ್ಲಿ ಐತಿ ನೋಡ್ರಿ ಹೋಗಿ! ಆ ಕೂಸಿನ ಜೀವದ ಮ್ಯಾಲ ಐತಿ. ನಾ ಕೇಳಿದ್ನಲ್ರೀ ನಿಮಗ? ಊಟಕ್ಕ ಕುಂತಾಗ ಕೇಳಿದ್ನಲ್ಲ?”

“ಕೇಳಿದ್ದಿ.”

“ಮತ್ತ?”

ಹೊನ್ನವ್ವ ಕೈಗೆ ಅಂಟಿದ ಹಿಟ್ಟು ತಿಕ್ಕುತ್ತ ನಿಂತಳು. ಅಜ್ಜಪ್ಪ ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

“ಆದದ್ದು ಆತು. ಹೆಂಗೂ ಬೋರು ಬಂದ್ ಮಾಡ್ಯಾರ. ಹೊಸಾ ವರದಿ ಬರತೈತಿ. ಇದು ಮನಿ ಬಿಟ್ಟು ಹೊರಗ ಹೋಗೂದು ಬ್ಯಾಡ. ಲ್ಯಾಬಿನವ್ರ ತಪ್ಪು ಅಂದ್ರ ಮುಗೀತು.”

“ಹೌದವಾ,” ಎಂದ ಪ್ರವೀಣಕುಮಾರ. “ಈಗ ಹೇಳಿದ್ರ ಯಾರಿಗೂ ಉಪಯೋಗಿಲ್ಲ. ಜಾಕೀರ್ ಇದ್ದ ಸಿಟ್ಟಿನಾಗ ಏನರ ಮಾಡಿಕೊಂಡಾನ.”

ಪುಷ್ಪಲತಾ ಎದ್ದು ಒಳಗೆ ಹೋಗಿ ಸುಟ್ಟ ರೊಟ್ಟಿ ತೆಗೆದು ಹಾಕಿ, ಉಳಿದ ಹಿಟ್ಟು ಬಡಿಯತೊಡಗಿದಳು. ಬಡಿತ ಜೋರಾಗಿತ್ತು.

ಸೋಮವಾರ ಟಾಕಿಯ ಹತ್ತಿರ ಸಭೆ ಕರೆದರು. ಅಷ್ಟರಲ್ಲಿ ಹಾವೇರಿಯಿಂದ ಒಂದು ಒಳ್ಳೆಯ ಸುದ್ದಿ ಬಂದಿತ್ತು. ತರನ್ನುಮ ಉಚ್ಚೆ ಹೊಯ್ದಳು, ಗಂಜಿ ಕುಡಿದಳು, ಇನ್ನೆರಡು ದಿನಕ್ಕೆ ಕಳಿಸುತ್ತಾರೆ ಎಂದು. ಅದನ್ನು ಕೇಳಿದಾಗ ಹೊನ್ನವ್ವ ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದಳು.

ಸಭೆಯಲ್ಲಿ ಪಿಡಿಒ ಮೇಡಮ್ಮು ಕುರ್ಚಿಯ ಮೇಲೆ ಕೂತು, “ಪುಷ್ಪಲತಾ, ನೀನೇ ತುಂಬಿದ್ದು ಅಂತ ಬರೆದು ಕೊಡಮ್ಮ,” ಎಂದು ಹಾಳೆ ಮುಂದೆ ಹಿಡಿದರು. ಪುಷ್ಪಲತಾ ಪೆನ್ನು ತೆಗೆದುಕೊಂಡಳು. ಜಾಕೀರ್ ಕೈ ಕಟ್ಟಿ ನಿಂತಿದ್ದ. ಹೊನ್ನವ್ವ ಹೆಂಗಸರ ನಡುವಿನಿಂದ ಎದ್ದಳು. ಅಜ್ಜಪ್ಪ ಅವಳ ಸೆರಗು ಹಿಡಿದು ಎಳೆದ. ಸೆರಗು ಬಿಡಿಸಿಕೊಂಡಳು.

“ಅಕಿ ತುಂಬಿಲ್ರೀ. ಅಕಿ ಅವತ್ತು ಊರಾಗ ಇರಲಿಲ್ಲ. ನಾ ತುಂಬೇನಿ. ನಳದ ನೀರು ಹೊಲಸು ಕಂಡ್ವು, ಚೆಲ್ಲಿ ಮನ್ಯಾಗಿನ ಕಾಸಿದ ನೀರು ತುಂಬಿ ಕೊಟ್ಟೆ. ಹಾವೇರಿಯವ್ರ ಮುಂದ ಮರ್ಯಾದಿ ಹೋಗತೈತಿ ಅಂತ ಹಂಗ ಮಾಡಿದೆ. ಸೊಸಿ ಕೇಳಿದಾಗ ಸುಳ್ಳೂ ಹೇಳಿದೆ. ಏನು ಮಾಡ್ತೀರಿ ಮಾಡ್ರಿ.”

ಹಿಂದಿನಿಂದ ಒಬ್ಬಳು ಫಕ್ಕನೆ ನಕ್ಕಳು. “ಅಯ್ಯ ಯವ್ವಾ, ಪರೀಕ್ಷಾದ ನೀರಿಗೂ ಆದರ ಮಾಡೇರೇನು!” ಇನ್ನೊಬ್ಬಳೂ ನಕ್ಕಳು. ಹಿರಿಯರೊಬ್ಬರು, “ತಿಳೀಲಾರದ ಮಾಡ್ಯಾಳ ಬಿಡ್ರಿ, ಕೇಡು ಮಾಡಬೇಕಂತ ಮಾಡಿಲ್ಲ,” ಎಂದರು. ಪ್ಲಾಟಿನ ಎಷ್ಟೋ ಹೆಂಗಸರಿಗೆ ಆ ಜಾಗದಲ್ಲಿ ತಾವಿದ್ದರೂ ಅದನ್ನೇ ಮಾಡುತ್ತಿದ್ದೆವು ಅನ್ನಿಸಿರಬೇಕು. ಜಾಕೀರ್ ಕಟ್ಟಿದ್ದ ಕೈ ಬಿಟ್ಟು, “ದೊಡ್ಡವ್ವಾ, ಮೊದ್ಲ ಹೇಳಬೇಕಿತ್ತು,” ಎಂದ. ಅಷ್ಟೇ ಅಂದ. ಅವನು ಚೀರಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಪಿಡಿಒ ಮೇಡಮ್ಮು ಮಾತ್ರ ನಗಲಿಲ್ಲ. ನೀರು ತುಂಬುವಾಗ ಇಲ್ಲದೆ ಸಹಿ ಹಾಕಿದ್ದು ಪುಷ್ಪಲತಾಳ ತಪ್ಪು, ನೀಲಿ ಪೆಟ್ಟಿಗೆ ಬೇರೆಯವರಿಗೆ ಹೋಗಬೇಕು ಎಂದರು. ಪುಷ್ಪಲತಾ ಮನೆಗೆ ಹೋಗಿ, ಕೊಳವೆಗಳನ್ನೆಲ್ಲ ಒರೆಸಿ ಜೋಡಿಸಿ, ವಹಿ ಮೇಲಿಟ್ಟು, ತಾನೇ ಪೆಟ್ಟಿಗೆ ತಂದುಕೊಟ್ಟಳು. ಆ ಸಂಜೆ ಅತ್ತೆಯ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

“ಬೈಯಿವಾ ನನ್ನ,” ಎಂದಳು ಹೊನ್ನವ್ವ.

“ಉಣ್ರಿ,” ಎಂದಳು ಪುಷ್ಪಲತಾ.

ಬುಧವಾರ ಮಧ್ಯಾಹ್ನ ತರನ್ನುಮ ಮನೆಗೆ ಬಂದಳು. ಹೊನ್ನವ್ವ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಹೋದಳು. ಗೋಡೆಯ ಮೇಲಿಂದ ಕೊಡುವ ಧೈರ್ಯ ಬರಲಿಲ್ಲ, ಸುತ್ತು ಹಾಕಿ ಮುಂಬಾಗಿಲಿಗೇ ಹೋದಳು. ಮಗು ಒಳಗೆ ಮಲಗಿತ್ತು. ಕಾಲು ಕಡ್ಡಿಯಾಗಿದ್ದವು. ಚಮನಬಿ ಬಾಗಿಲ ಹತ್ತಿರ ಕೂತು ಬೇಳೆ ಆರಿಸುತ್ತಿದ್ದಳು.

“ಚಮನಾ.”

ಚಮನಬಿ ತಲೆ ಎತ್ತಿದಳು.

“ಜಾಕೀರ್ ಹೇಳಿರಬೇಕು. ನಾ ಆ ಬಾಟ್ಲಿ ನೀರು...”

“ಹೇಳ್ಯಾನ.”

“ತಪ್ಪಾತು. ನಿನ್ನ ಕಾಲಿಗೆ ಬೀಳ್ತೇನಿ. ಹಂಗಾಗತೈತಿ ಅಂತ ಗೊತ್ತಿರಲಿಲ್ಲ.”

“ಬಾಟ್ಲಿ ಮಾತು ಬಿಡಕ್ಕಾ,” ಎಂದಳು ಚಮನಬಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಅದು ತಿಳೀಲಾರದ ಆತು. ನಾನಾಗಿದ್ರೂ ಹಂಗ ಮಾಡ್ತಿದ್ದೆ. ನನಗ ಬ್ಯಾರೆ ಒಂದು ಕೇಳೂದೈತಿ. ಕೇಳ್ಲೇನು?”

“ಕೇಳು.”

“ಆಮ್ಯಾಲೆ ನಿನಗ ನೀರು ಕೆಟ್ಟಾವು ಅಂತ ತಿಳೀತಲ್ಲ? ತಿಳದಮ್ಯಾಲೆ ನಿಮ್ಮನಿ ನೀರೆಲ್ಲಾ ಕಾಸಾಕ ಹತ್ತಿದಿ. ದಿನಾ ಮುಂಜಾನಿ ಕಾಸೂದು ನೋಡೇನಿ ನಾನು. ಸೊಸಿಗೆ ಹೇಳಾಕ ನಾಚಿಕಿ, ಊರಿಗೆ ಹೇಳಾಕ ಅಂಜಿಕಿ, ತಿಳೀತು. ಗ್ವಾಡಿ ಮ್ಯಾಲ ಒಂದು ಮಾತು, ಚಮನಾ, ಮಳಿಗಾಲ ಐತಿ, ಕೂಸಿಗೆ ನೀರು ಕಾಸಿ ಕೊಡು ಅಂದಿದ್ರ ಏನು ಹೋಗತಿತ್ತು? ಅದಕ್ಕ ಬಾಟ್ಲಿ ಸುದ್ದಿ ಹೇಳಬೇಕಾಗಿರಲಿಲ್ಲಲ್ಲ. ಯಾಕ ಅನ್ಲಿಲ್ಲ?”

ಹೊನ್ನವ್ವನ ಬಾಯಿಗೆ ಹತ್ತು ಸುಳ್ಳು ಬಂದವು. ಮರೆತೆ ಎನ್ನಬಹುದಿತ್ತು. ಹೆದರಿದೆ ಎನ್ನಬಹುದಿತ್ತು. ನೀನು ಸಂಶಯ ಪಡುತ್ತೀ ಅಂದುಕೊಂಡೆ ಎನ್ನಬಹುದಿತ್ತು, ಚಮನಬಿ ನಂಬುತ್ತಿದ್ದಳು ಕೂಡ. ಬಾಳೆಹಣ್ಣಿನ ಚೀಲ ಕೈಯಲ್ಲಿ ಭಾರವಾಗಿತ್ತು. ಒಳಗೆ ಮಗು ನಿದ್ದೆಯಲ್ಲಿ ಮಗ್ಗುಲು ತಿರುಗಿತು.

“ನನ್ನ ಮನಿ ಮಂದಿ ಉಳದ್ರ ಸಾಕು ಅಂತ ಅಷ್ಟ ಇತ್ತು ತಲ್ಯಾಗ,” ಎಂದಳು. “ಖರೇ ಹೇಳ್ತೇನಿ ಚಮನಾ. ನಿನ್ನ ಮೊಮ್ಮಗಳ ನೆನಪ ಆಗಲಿಲ್ಲ ನನಗ.”

ಚಮನಬಿ ಅವಳನ್ನೇ ನೋಡಿದಳು. ಆಮೇಲೆ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಬೇಳೆ ಆರಿಸಲು ಶುರುಮಾಡಿದಳು. ಹೋಗು ಅನ್ನಲಿಲ್ಲ. ಒಳಗೆ ಬಾ ಅನ್ನಲಿಲ್ಲ. ಹೊನ್ನವ್ವ ಬಿಸಿಲಿನಲ್ಲಿ ನಿಂತೇ ಇದ್ದಳು.